ಹಿತ್ತಲ ಬಾಗಿಲಿನಿಂದ ಬಂದ ಪಟ

ಬುದ್ಧನ ತಲೆಯನ್ನು ತಂದವಳು ನಾನೇ. ನನ್ನ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಉಳಿದವರನ್ನೆಲ್ಲ ಬೈಯುವುದಿದೆ. ಹೈದರಾಬಾದಿಗೆ ಮದುವೆಗೆಂದು ಹೋದಾಗ ಅಲಂಕಾರದ ಸಾಮಾನಿನ ಅಂಗಡಿಯೊಂದರಲ್ಲಿ ಅದನ್ನು ನೋಡಿದೆ. ಬಂಗಾರದ ಬಣ್ಣ, ಮುಚ್ಚಿದ ಕಣ್ಣು, ಇಳಿಬಿದ್ದ ಕಿವಿ. ಕುತ್ತಿಗೆಗೇ ಮುಗಿಯುತ್ತಿತ್ತು. ಇದನ್ನು ಬಾಗಿಲ ಬಳಿ ಇಟ್ಟರೆ ಮನೆಯಲ್ಲಿ ಶಾಂತಿ ಇರುತ್ತದೆ ಎಂದು ಅಂಗಡಿಯವನು ಹೇಳಿದ. ಅವನ ಮಾತು ನಂಬಿ ಬಸ್ಸಿನಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಶಹಾಪುರದವರೆಗೆ ತಂದೆ. ಅದು ಬಂದ ಮೇಲೆ ನಮ್ಮ ಮನೆಯಲ್ಲಿ ಶಾಂತಿ ಎಂಬುದು ಒಂದು ದಿನವೂ ಇರಲಿಲ್ಲ.

ಶಹಾಪುರದ ಹೊಸ ಬಡಾವಣೆಯೊಂದರಲ್ಲಿ ನಾವು ಆಗ ಮನೆ ಕಟ್ಟಿ ಮುಗಿಸಿದ್ದೆವು. ನನ್ನ ಗಂಡ ಮರಿಲಿಂಗ ಹಳ್ಳಿ ಶಾಲೆಯ ಮಾಸ್ತರ. ನಾನು ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮದು ದಲಿತರ ಮನೆತನ, ಬುದ್ಧನನ್ನು ನಂಬಿದವರು. ಇದನ್ನು ಇಲ್ಲಿ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನಲ್ಲ, ಹೊಸ ಬಡಾವಣೆಯಲ್ಲಿ ಒಮ್ಮೆಯೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ. ಒಳಗಿನ ಕೆಲಸ ನೋಡಲು ನಾವು ಬಂದು ಹೋಗುತ್ತಿದ್ದಾಗ ಪಕ್ಕದ ಮನೆಯ ಭಾರತಿ ಅಕ್ಕ ಮೊದಲ ವಾರವೇ ಕೇಳಿದ್ದಳು, "ನೀವು ಯಾವ ಪೈಕಿರಿ?" ನಾನು ಹೇಳಿದ್ದು, "ನಾವು ದೋರನಹಳ್ಳಿಯವರ್ರಿ ಅಕ್ಕ." ಕೇಳಿದ್ದು ಜಾತಿ, ಹೇಳಿದ್ದು ಊರು. ಅವಳು ನಕ್ಕಳು, ನಾನೂ ನಕ್ಕೆ. ಮರುದಿನ ಒಂದು ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಕಳಿಸಿದಳು. ತಿಂದು ಬಾಯಿ ಚಪ್ಪರಿಸಿದೆವು. ಆ ಡಬ್ಬಿಯನ್ನು ನೆನಪಿಡಿ.

ಈಗ ನಮ್ಮತ್ತೆ ಮಾನಮ್ಮನ ವಿಷಯ. ಅವಳನ್ನು ಅವಳು ಎಂದೇ ಬರೆಯುತ್ತೇನೆ. ಅವರು, ಇವರು ಎಂದರೆ ಯಾರೋ ಹೊರಗಿನವರ ಬಗ್ಗೆ ಹೇಳುತ್ತೀ ಎಂದು ಅವಳೇ ರೇಗುತ್ತಾಳೆ. ದೋರನಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ಇರುತ್ತಿದ್ದಳು. ಮಾವ ದ್ಯಾವಪ್ಪ ತೀರಿಕೊಂಡು ಬಹಳ ವರ್ಷವಾಗಿದೆ. ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಕಳೆ ಕೀಳುವುದು, ಇದೇ ಅವಳ ಆಯುಷ್ಯ. ನಮ್ಮ ಜೊತೆ ಬಂದಿರು ಎಂದರೆ, ನಿಮ್ಮದು ಬಾಡಿಗೆ ಮನೆ, ಸ್ವಂತದ್ದಾದಾಗ ಬರುತ್ತೇನೆ ಎನ್ನುತ್ತಿದ್ದಳು.

ಮನೆಯನ್ನು ಚೆಂದ ಇಡುವುದರಲ್ಲಿ ಅವಳನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಊರೆಲ್ಲ ದಸರೆಗೆ ಸುಣ್ಣ ಹಚ್ಚಿದರೆ ಅವಳು ಏಪ್ರಿಲ್ ಮೊದಲ ವಾರ ಹಚ್ಚುತ್ತಾಳೆ, ಬಾಬಾಸಾಹೇಬರ ಜಯಂತಿಗೆ. ಸುಣ್ಣವನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ನೀಲಿ ಬೆರೆಸಿ, ಗೋಡೆಗೆ ಮೇಲಿಂದ ಕೆಳಗೆ ಎಳೆಯುತ್ತಾಳೆ. ಬುಡಕ್ಕೆ ಒಂದು ಗೇಣು ಹುರಮಂಜಿನ ಕೆಂಪು ಪಟ್ಟಿ. ಅಳತೆ ಗೋಲಿಲ್ಲ, ದಾರವಿಲ್ಲ, ಆದರೂ ಪಟ್ಟಿ ಎಲ್ಲಿಯೂ ಡೊಂಕಾಗುವುದಿಲ್ಲ. ಆ ಗೋಡೆಯ ನಡುವೆ ಬಾಗಿಲಿಗೆ ಎದುರಾಗಿ ಒಂದೇ ಒಂದು ಪಟ, ಬಾಬಾಸಾಹೇಬರದು. ಸುಣ್ಣ ಹಚ್ಚುವಾಗಲೂ ಅದನ್ನು ಇಳಿಸುವುದಿಲ್ಲ, ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಹಿಂದಿನ ಗೋಡೆಗೆ ಬಳಿಯುತ್ತಾಳೆ. ಇಳಿಸಿ ಇಡಬಾರದೇ ಎಂದು ನಾನೊಮ್ಮೆ ಕೇಳಿದ್ದೆ. "ಎಲ್ಲಿ ಇಳಸ್ಲಿ? ನೆಲದ ಮ್ಯಾಲೇನು?" ಎಂದು ಕಣ್ಣು ಬಿಟ್ಟಳು.

ಆ ಪಟ ನಾಗಪುರದ್ದು. ಬಾಬಾಸಾಹೇಬರು ಬೌದ್ಧರಾದ ಜಾಗ ದೀಕ್ಷಾಭೂಮಿಗೆ ಮಾವನ ಜೊತೆ ಮೊದಲ ಸಲ ಹೋದಾಗ ತಂದದ್ದು. ಅಲ್ಲಿಯವರೆಗೆ ಅವಳು ಬಸ್ಸಿನಲ್ಲಿ ಸುರಪುರ ದಾಟಿದವಳಲ್ಲ. ವಾಪಸ್ ಬರುವಾಗ ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಯಾರೋ ಒಬ್ಬ, ಪಟವನ್ನು ಸೀಟಿನ ಕೆಳಗೆ ತಳ್ಳಿ ಆರಾಮಾಗಿ ಕೂಡಬಾರದೇ ಎಂದನಂತೆ. ಇವಳು ಸೀಟು ಬಿಟ್ಟು ಎದ್ದು, ಪಟವನ್ನು ಎದೆಗೆ ಒತ್ತಿಕೊಂಡು ಸಿಕಂದರಾಬಾದಿನವರೆಗೆ ನಿಂತೇ ಬಂದಳಂತೆ. ಆ ಪ್ರವಾಸದಿಂದ ಅವಳು ಹರಕೆ ಬಿಟ್ಟಳು, ಉಪವಾಸ ಬಿಟ್ಟಳು, ಯಾರ ಕಾಲಿಗೂ ಬೀಳುವುದನ್ನು ಬಿಟ್ಟಳು. ಓಣಿಯ ಹೆಂಗಸರು ಅಬ್ಬೆತುಮಕೂರಿನ ಜಾತ್ರೆಗೆ ಹೊರಟರೆ ಅವರ ಬುತ್ತಿಗೆ ರೊಟ್ಟಿ ಬಡಿದು ಕೊಡುತ್ತಾಳೆ, ತಾನು ಹೋಗುವುದಿಲ್ಲ. ಅವಳ ಯಾತ್ರೆಗಳೇ ಬೇರೆ. ಭೀಮೆ ದಾಟಿ ಸನ್ನತಿಗೆ ಹೋಗಿ, ಅಲ್ಲಿ ಅಗೆದು ತೆಗೆದ ಹಳೆಯ ಬುದ್ಧರನ್ನು ನೋಡಿ ಬಂದಿದ್ದಾಳೆ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದಲ್ಲ, ಬಸ್ಸು ಆ ತಿರುವಿಗೆ ಬಂದರೆ ಸಾಕು, ತುಂಬಿದ ಬಸ್ಸಿನಲ್ಲೇ ಸೆರಗು ಸರಿಮಾಡಿಕೊಂಡು ಕೈ ಮುಗಿಯುತ್ತಾಳೆ. ನನ್ನ ಗಂಡ ಆಗ ಕಿಟಕಿಯ ಕಡೆಗೆ ಮುಖ ತಿರುಗಿಸುತ್ತಾನೆ.

ಅವಳದೊಂದು ಪದ್ಧತಿ ಇದೆ. ಎಲ್ಲಿಂದ ಬಂತೋ ಗೊತ್ತಿಲ್ಲ, ಬಹುಶಃ ಅವಳೇ ಮಾಡಿಕೊಂಡದ್ದು. ಯಾವ ಮನೆಗೆ ಕಾಲಿಟ್ಟರೂ ತಲೆಬಾಗಿಲಿನಿಂದ ಮೊದಲು ಒಳಗೆ ಹೋಗುವುದು ಆ ಪಟ, ಮನೆಯ ಹಿರಿಯ ಹೆಂಗಸಿನ ಕೈಯಲ್ಲಿ. ಆಮೇಲೆ ಉಪ್ಪು. ಆಮೇಲೆ ನೀರಿನ ಕೊಡ. ಆಮೇಲೆ ಉಳಿದವರು. ನಮ್ಮ ಹೊಸ ಮನೆಯ ಪ್ರವೇಶಕ್ಕೆ ಬುದ್ಧ ಪೂರ್ಣಿಮೆ ಗೊತ್ತು ಮಾಡಿದಾಗ ಫೋನಿನಲ್ಲಿ ಮೂರು ಸಲ ಹೇಳಿದ್ದಳು, "ಪಟ ನಾನೇ ತರ್ತೇನಿ. ಯಾರೂ ಮುಟ್ಟಬ್ಯಾಡ್ರಿ."

ನನ್ನ ಗಂಡ ಏನು ಮಾಡಿದ ಕೇಳಿ. ಎರಡು ದಿನ ಮೊದಲು ಸಾಮಾನು ತರಲು ಗಾಡಿ ಮಾಡಿಕೊಂಡು ದೋರನಹಳ್ಳಿಗೆ ಹೋದ. ಅವ್ವ ಹೊಲಕ್ಕೆ ಹೋಗಿದ್ದಳು. ಪಟವನ್ನು ಮೊಳೆಯಿಂದ ತೆಗೆದು, ಗಾದಿಯೊಳಗೆ ಸುತ್ತಿ, ಕಡಾಯಿ ಕೊಡಗಳ ಜೊತೆ ಗಾಡಿಗೆ ಹಾಕಿದ. ಇಲ್ಲಿ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಸಾಗಿಸಿ, ಬೆಡ್‌ರೂಮಿನ ಕಪಾಟಿನ ಮಗ್ಗುಲಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದ. ನಾನು ಕೇಳಿದೆ, ಹಾಲಿನಲ್ಲಿ ಹಾಕುವುದಿಲ್ಲವೇ?

"ಮುಂದ ಬುದ್ಧ ಅದಾನಲ್ಲ, ಸಾಕು," ಅಂದ. "ಬಂದವರಿಗೆಲ್ಲ ಬಾಗಲದಾಗೇ ಜಾತಿ ಹೇಳ್ಕೋತ ಯಾಕ ಕೂಡಬೇಕು? ಬುದ್ಧನ್ನ ಎಲ್ಲಾರೂ ಇಟ್ಕೋತಾರ. ಯಾರೂ ಏನೂ ಕೇಳಂಗಿಲ್ಲ."

ಆಗ ನಾನು ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ನನ್ನ ಕಣ್ಣ ಮುಂದೆ ಆ ಹೋಳಿಗೆ ಡಬ್ಬಿ ಇತ್ತು. ಭಾರತಿ ಅಕ್ಕ ಕಾಂಪೌಂಡಿನ ಆಚೆಯಿಂದ ಬುದ್ಧನ ತಲೆಯನ್ನು ನೋಡಿ, "ಭಾಳ ಚಂದ ಐತ್ರಿ, ನಮ್ಮ ಮನಿಗೂ ಇಂಥದೊಂದು ತರಸಬೇಕು," ಎಂದಿದ್ದಳು. ಆ ಹೊಗಳಿಕೆಗೆ ಉಬ್ಬಿಹೋಗಿದ್ದೆ ನಾನು. ಇಂಥ ಸಣ್ಣತನಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಆ ತಲೆಯನ್ನು ಇಟ್ಟದ್ದು ಎಲ್ಲಿ ಎಂದು ಹೇಳಲಿಲ್ಲ. ಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಫೋನಿನಲ್ಲಿ ನೋಡಿದ ಚಿತ್ರಗಳಲ್ಲೆಲ್ಲ ಹಾಗೇ ಇತ್ತು. ಮನೆಯ ಒಳಗಿನ ಅಲಂಕಾರದ ಕೆಲಸ ಹಿಡಿದವನು ಸುರಪುರದ ಫಿರೋಜ್. ಅವನು ಕೂಡ ತಲೆ ಕೆರೆದುಕೊಂಡು ಕೇಳಿದ್ದ, "ಮೇಡಂ, ಇವರು ನಿಮ್ಮ ದೊಡ್ಡವರಲ್ಲೇನ್ರಿ? ಚಪ್ಲಿ ಬಾಜೂಕ ಇಡೂದಾ?" ಡಿಸೈನ್ ಹಾಗೇ ಇದೆ, ನೀನು ನಿನ್ನ ಕೆಲಸ ನೋಡು ಎಂದು ಗದರಿದೆ. ಪರರ ಮನೆಯ ಹುಡುಗನಿಗೆ ಹೊಳೆದದ್ದು ಪಂಚಶೀಲ ಬಾಯಿಪಾಠ ಇರುವ ನನಗೆ ಹೊಳೆಯಲಿಲ್ಲ.

ಪೂರ್ಣಿಮೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಾನಮ್ಮ ಬಂದಳು. ಬಿಳಿ ಸೀರೆ, ಕೈಯಲ್ಲೊಂದು ಚೀಲ, ಚೀಲದಲ್ಲಿ ಉಪ್ಪಿನ ಪೊಟ್ಟಣ. ಅವಳ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು, ಹೊಲದಿಂದ ಬಂದು ಬರಿ ಮೊಳೆಯನ್ನು ನೋಡಿದವಳ ಮುಖ ಅದು. ಗೇಟು ದಾಟಿ ಬಂದವಳು ಬಾಗಿಲ ಬಳಿ ನಿಂತಳು. ಬುದ್ಧನ ತಲೆಯನ್ನು ನೋಡಿದಳು. ಬಗ್ಗಿ ಅದರ ಹಿಂದೆ ನೋಡಿದಳು.

"ಮೈ ಎಲ್ಲೈತಿ?"

"ಇದು ಇಷ್ಟೇ ಬರ್ತದತ್ತಿ. ಶೋಪೀಸು."

"ಯಾರು ಕಡದಾರ?"

"ಯಾರೂ ಕಡದಿಲ್ಲತ್ತಿ. ಮಾಡೂದೇ ಹಿಂಗ."

"ಸನ್ನತ್ಯಾಗ ನೋಡೀನಿ ನಾನು," ಅಂದಳು. "ಅಲ್ಲಿ ಮೈ ಅದಾವ, ತಲಿ ಇಲ್ಲ. ಕಡದವರು ಆ ತಲಿ ಒಯ್ದು ಏನ್ ಮಾಡಿರಬೇಕು ಅಂತ ಅವತ್ತು ವಿಚಾರ ಮಾಡಿದ್ದೆ. ಚಪ್ಪಲಿ ಬಾಜೂಕ ಇಡತಾರ ಅಂತ ಇವತ್ತ ಗೊತ್ತಾತು."

ಒಳಗೆ ಕುರ್ಚಿ ಜೋಡಿಸುತ್ತಿದ್ದ ನನ್ನ ಗಂಡ ಹೊರಗೆ ಬಂದ. "ಬಾ ಯವ್ವಾ ಒಳಗ, ಹನ್ನೊಂದಕ್ಕ ಮಂದಿ ಬರ್ತಾರ," ಅಂದ. ಅವಳು ಕದಲಲಿಲ್ಲ.

"ಪಟ ಎಲ್ಲೈತಿ?"

"ಒಳಗ ಐತಿ. ಚಂದಾಗಿ ಇಟ್ಟೀನಿ."

"ಯಾವ ಬಾಗ್ಲಲೆ ಒಯ್ದಿ?"

ನನ್ನ ಗಂಡನ ಒಂದು ಗುಣವನ್ನು ಒಪ್ಪಬೇಕು, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಮುಚ್ಚಿಡಲು ಮಾತ್ರ ಬರುತ್ತದೆ. "ಹಿತ್ತಲ ಬಾಗ್ಲಲೆ," ಅಂದ. "ಸಾಮಾನೆಲ್ಲ ಅತ್ತಾಗಿಂದನ ಬಂತು."

ಮಾನಮ್ಮ ಹೊರಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಮ್ಮಪ್ಪ ಗೌಡರ ಮನಿ ಹಿತ್ತಲ ಬಾಗ್ಲ ಮುಂದ ನಿಂತು ಕೂಲಿ ಇಸ್ಗೊಂಡ. ನಮ್ಮವ್ವ ಅಲ್ಲೇ ನಿಂತು ಸೆರಗಿನ್ಯಾಗ ತಂಗಳ ರೊಟ್ಟಿ ಹಾಕಿಸ್ಗೊಂಡ್ಲು. ನಾವು ಆ ಬಾಗ್ಲ ಬಿಡ್ಲಿ ಅಂತ ಬಾಬಾಸಾಹೇಬರು ಜೀವಾ ತೇದ್ರು. ಅಂಥವರನ್ನ ನೀ ನಿನ್ನ ಮನಿಗಿ ಹಿತ್ತಲ ಬಾಗ್ಲಲೆ ತಂದೀಯಲ್ಲೋ ಮರ್ಯಾ. ನಾ ಒಳಗ ಬರಾಂಗಿಲ್ಲ."

ಆಗ ನನ್ನ ಗಂಡನ ದನಿ ಏರಿತು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವನು ಅವ್ವನ ಮುಂದೆ ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. "ಸುರಪುರದಾಗ ಏನಾತು ಮರತೀಯೇನು?" ಅಂದ. ಆ ಕತೆ ನನಗೆ ಗೊತ್ತಾದದ್ದು ಆ ಮೆಟ್ಟಿಲ ಮೇಲೆಯೇ. ಮಾವ ಸುರಪುರದಲ್ಲಿ ಒಂದು ಕಚೇರಿಯ ಜವಾನನಾಗಿದ್ದಾಗ ಬಾಡಿಗೆ ಮನೆ ಹಿಡಿದಿದ್ದರಂತೆ. ಪಟ ಒಳಗೆ ಹೋದ ದಿನವೇ ಮಾಲೀಕ ಅದನ್ನು ನೋಡಿದ. ಪಟ ತೆಗೆಯಬೇಕು, ಇಲ್ಲ ಸಂಜೆಯೊಳಗೆ ಮನೆ ಬಿಡಬೇಕು ಎಂದ. ಮಾನಮ್ಮ ಮನೆ ಬಿಟ್ಟಳು. ಹಾಡುಹಗಲಲ್ಲಿ ಬಜಾರದ ನಡುವೆ, ಪಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮುಂದೆ ನಡೆದಳು. ಹಿಂದೆ ಮಾವ, ಅವನ ಹಿಂದೆ ಐದನೆಯ ಇಯತ್ತೆಯ ಮರಿಲಿಂಗ, ತಲೆಯ ಮೇಲೆ ಹಾಸಿಗೆ ಸುರುಳಿ. ಅವನ ಕ್ಲಾಸಿನವರು ಅಂಗಡಿಯ ಮುಂದೆ ನಿಂತು ನೋಡುತ್ತಿದ್ದರು.

"ಅವತ್ತು ಬಜಾರದಾಗ ನಾ ತಲಿ ತಗ್ಗಿಸಿ ನಡದೀನಿ," ಅಂದ ನನ್ನ ಗಂಡ. "ನೀ ನೋಡ್ಲಿಲ್ಲ. ನೀ ಮುಂದಿದ್ದಿ."

"ನೋಡೀನಿ," ಅಂದಳು ಮಾನಮ್ಮ. "ಅದಕ್ಕ ಅಷ್ಟು ಮ್ಯಾಲ ಎತ್ತಿ ಹಿಡದಿದ್ದೆ. ಒಮ್ಮಿಯರ ನೀ ತಲಿ ಎತ್ತಿದ್ರ ಕಾಣ್ಲಿ ಅಂತ."

ನನ್ನ ಗಂಡ ಒಳಗೆ ಹೋದ. ಅವನ ಮೇಲೆ ನನಗೆ ಕನಿಕರ ಬರಬೇಕಿತ್ತೇನೋ, ಬರಲಿಲ್ಲ. ಸಿಟ್ಟು ಬಂತು. ಐದನೆಯ ಇಯತ್ತೆಯ ಹುಡುಗನನ್ನು ಹಾಗೆ ನಡೆಸಿದವರ ಮೇಲೆ ಬಂತು, ಇವತ್ತಿಗೂ ಹಾಗೇ ನಡೆಯುತ್ತಿರುವ ಈ ಮಾಸ್ತರನ ಮೇಲೆ ಬಂತು, ಇದೇನೂ ಗೊತ್ತಿಲ್ಲದೆ ಬಂಗಾರ ಬಣ್ಣದ ತಲೆ ಹೊತ್ತು ತಂದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಬೆಡ್‌ರೂಮಿಗೆ ಹೋಗಿ ಪಟ ಎತ್ತಿಕೊಂಡೆ. ಹಿಂಬದಿಗೆ ವರ್ಷವರ್ಷದ ಸುಣ್ಣದ ಹನಿ ಪದರ ಪದರವಾಗಿ ಅಂಟಿತ್ತು. ಹಾಲಿನ ಮೂಲಕ ಹೊರಗೆ ತರಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ಹೋದ ದಾರಿಯಲ್ಲೇ ವಾಪಸ್ ಬರಬೇಕು ಅನ್ನಿಸಿತು. ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮನೆಯ ಹಿಂದಿನ ಸಂದಿ ದಾಟಿ, ರಸ್ತೆಗೆ ಬಂದು, ಮುಂದಿನ ಗೇಟಿನಿಂದ ನಡೆದು ಬಂದೆ. ಭಾರತಿ ಅಕ್ಕ ಅವಳ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ಎದ್ದು ನಿಂತು ನೋಡಿದಳು. ನಾನೂ ನೋಡಿದೆ, ಈ ಸಲ ನಗಲಿಲ್ಲ.

ಮಾನಮ್ಮ ಎದ್ದು ಸೀರೆ ಝಾಡಿಸಿಕೊಂಡಳು. ಗಾಜನ್ನು ಸೆರಗಿನಿಂದ ಒರೆಸಿದಳು. ಪಟ ಅವಳ ಕೈಯಲ್ಲಿ ತಲೆಬಾಗಿಲಿನಿಂದ ಒಳಗೆ ಹೋಯಿತು. ಆಮೇಲೆ ಉಪ್ಪು, ಆಮೇಲೆ ಕೊಡ. ನನ್ನ ಗಂಡ ಬಾಗಿಲ ಬದಿಗೆ ಸರಿದು ದಾರಿ ಬಿಟ್ಟ.

ಇನ್ನು ಹಾಕುವುದು ಎಲ್ಲಿ? ಬಾಗಿಲಿಗೆ ಎದುರಿನ ಗೋಡೆಗೆ ಫಿರೋಜ್ ಟಿವಿಗಾಗಿ ಉಬ್ಬು ಹೂವಿನ ಬಿಳಿ ಪ್ಯಾನಲ್ ಕೂಡಿಸಿದ್ದ. ದೀಪ ಸರಿಮಾಡಲು ಬಂದಿದ್ದವನು ಅಲ್ಲೇ ಇದ್ದ. "ಇದರಾಗ ಮೊಳಿ ಹೊಡದ್ರ ಒಡೀತೈತ್ರಿ ಅಮ್ಮಾ," ಅಂದ. ನನ್ನ ಗಂಡನಿಗೆ ಅಷ್ಟೇ ಸಾಕಾಯಿತು. "ಇವತ್ತಿಗಿ ಆ ಕಡೆ ಗ್ವಾಡಿಗಿ ಇರ್ಲಿ," ಎಂದು ಅಡುಗೆಮನೆಯ ಬದಿಯ ಗೋಡೆ ತೋರಿಸಿದ. ಅದು ಹಾಲೊಳಗೆ ಬಂದು ಕುಳಿತವರಿಗೆ ಕಾಣುತ್ತದೆ, ಬಾಗಿಲಿನಿಂದ ಕಾಣುವುದಿಲ್ಲ. ಅರ್ಧ ತಲೆ ಎತ್ತಿದ ಹಾಗೆ. ಮಾನಮ್ಮ ಮಗನ ಮುಖ ನೋಡಿ ಪಟವನ್ನು ಆ ಗೋಡೆಗೇ ಹಾಕಿಸಿದಳು. ಫಿರೋಜ್ ಹೇಳಿಸಿಕೊಳ್ಳದೆ ಕೈ ತೊಳೆದು, ಚಪ್ಪಲಿಯ ಪಕ್ಕದಿಂದ ಬುದ್ಧನ ತಲೆಯನ್ನು ಎತ್ತಿ ತಂದು ಒಳಗೆ ಸ್ಟೂಲಿನ ಮೇಲೆ ಇಟ್ಟ. ಅದನ್ನು ಏನು ಮಾಡಲಿ ಎಂದು ಅತ್ತೆಯನ್ನು ಕೇಳಿದೆ. "ಇರ್ಲಿ ಬಿಡು," ಅಂದಳು. "ಪೂರಾ ಮೈ ಗುಡ್ಡದ ಮ್ಯಾಲ ಮಲಗ್ಯಾನ. ಅಲ್ಲಿ ಕೈ ಹಾಕಾಕ ಯಾರ್ದೂ ಧಮ್ ಇಲ್ಲ."

ಹನ್ನೊಂದಕ್ಕೆ ಜನ ಬಂದರು. ಬುದ್ಧ ವಂದನೆ, ಪಂಚಶೀಲ ಆಯಿತು. ನನ್ನ ಗಂಡನ ಶಾಲೆಯ ಮಾಸ್ತರರು ಹೊಟ್ಟೆ ತುಂಬ ಉಂಡರು, ಅದರಲ್ಲಿ ಸುಳ್ಳು ಹೇಳಬಾರದು. ಭಾರತಿ ಅಕ್ಕ ಕೂಡ ಬಂದಳು. ಸೋಫಾದ ತುದಿಯಲ್ಲಿ ಕುಳಿತಳು. ಬದಿಯ ಗೋಡೆಯ ಕಡೆ ನೋಡಿದಳು. ಎರಡು ದಿನದ ಹಿಂದೆ ಕರೆಯಲು ಹೋದಾಗ, "ಗೋದಿ ಹುಗ್ಗಿ ಮಾಡ್ರಿ, ನನಗ ಭಾಳ ಸೇರ್ತದ," ಎಂದಿದ್ದವಳು ಅವಳೇ. ನಾನು ಹುಗ್ಗಿಯ ತಟ್ಟೆ ಹಿಡಿದು ಮುಂದೆ ನಿಂತೆ.

"ಇವತ್ತ ಹುಣ್ಣಿಮಿ ಉಪವಾಸ ಐತ್ರಿ ನಂದು," ಅಂದಳು.

"ನೀರರ ಕುಡೀರಿ ಅಕ್ಕ."

"ಈಗ ಮನ್ಯಾಗ ಕುಡದು ಬಂದೇನ್ರಿ."

ನಾಲ್ಕು ಹೆಜ್ಜೆ ದೂರದ ಮನೆ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಯಾರಿಗೂ ಬಾಯಾರುವುದಿಲ್ಲ, ಒಪ್ಪುತ್ತೇನೆ. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಮಾನಮ್ಮ ರೊಟ್ಟಿ ಹಂಚಿನ ಮುಂದಿನಿಂದ ಎದ್ದೂ ಬರಲಿಲ್ಲ.

"ಯಾಕ ಅಳ್ತಿ? ಆ ಪಟ ಇರೂದು ನಾವು ಯಾರಂತ ಅವರಿಗಿ ಹೇಳಾಕ ಅಷ್ಟೇ ಅಲ್ಲ. ಅವರು ಯಾರಂತ ನಾವು ತಿಳ್ಕೊಳ್ಳಾಕ. ಅದು ಬೆಡ್‌ರೂಮಿನ್ಯಾಗ ಇದ್ದಿದ್ರ ಇನ್ನೂ ಹತ್ತು ವರ್ಷ ಆಕಿ ಹೋಳಿಗಿ ತಿಂದು ಅಕ್ಕ ಅಕ್ಕ ಅಂತಿದ್ದಿ."

ಹೋಳಿಗೆ ಅಂದಾಗ ಡಬ್ಬಿ ನೆನಪಾಯಿತು. ಅದು ಇನ್ನೂ ನಮ್ಮ ಮನೆಯಲ್ಲೇ ಇತ್ತು. ಯಾರ ಮನೆಯ ಡಬ್ಬಿಯನ್ನೂ ಖಾಲಿ ವಾಪಸ್ ಕೊಡಬಾರದು, ನಮ್ಮ ಕಡೆ ಎಲ್ಲ ಜಾತಿಯ ಹೆಂಗಸರಿಗೂ ಗೊತ್ತಿರುವ ರೀತಿ ಇದು. ಮರುದಿನ ಬೆಳಿಗ್ಗೆ ಡಬ್ಬಿಯನ್ನು ಬೂದಿ ಹಚ್ಚಿ ಬೆಳಗಿ, ಅದರ ತುಂಬ ಹುಗ್ಗಿ ತುಂಬಿ, ಮೇಲೆ ತುಪ್ಪ ಹಾಕಿ ತೆಗೆದುಕೊಂಡು ಹೋದೆ. ಇವತ್ತು ಹುಣ್ಣಿಮೆಯಲ್ಲ, ಉಪವಾಸವಿಲ್ಲ, ಏನು ಹೇಳುತ್ತಾಳೋ ನೋಡೋಣ ಎಂಬ ಹಟವೂ ಇತ್ತು. ನನ್ನ ಗಂಡ ನಮ್ಮ ಗೇಟಿನ ಬಳಿ ಗಾಡಿ ಒರೆಸುತ್ತಿದ್ದ.

ಭಾರತಿ ಅಕ್ಕ ಗ್ರಿಲ್ಲಿನ ಬಾಗಿಲು ತೆಗೆಯಲಿಲ್ಲ. ಡಬ್ಬಿಯನ್ನು ನೋಡಿದಳು. ಕೈ ಮುಂದೆ ಬರಲಿಲ್ಲ.

"ಇರ್ಲಿ ಬಿಡ್ರಿ," ಅಂದಳು. "ಆ ಡಬ್ಬಿ ಇನ್ನ ನೀವೇ ಇಟ್ಕೋರ್ರಿ."

ಹೇಳಿದ್ದು ಮೆತ್ತಗೆ, ನಗುತ್ತಲೇ. ನಾನು ಡಬ್ಬಿ ಹಿಡಿದು ವಾಪಸ್ ಬಂದೆ. ಗಂಡ ಗಾಡಿ ಒರೆಸುವುದನ್ನು ನಿಲ್ಲಿಸಿದ್ದ. ಅವನಿಗೆ ಎಲ್ಲ ಕೇಳಿಸಿತ್ತು. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡ, ಮುಚ್ಚಳ ತೆಗೆದು ನೋಡಿದ, ಅಲ್ಲೇ ನಿಂತು ಬೆರಳಿನಿಂದ ಎರಡು ತುತ್ತು ತಿಂದ. "ಚೊಲೋ ಆಗೇದ," ಅಂದ. ಡಬ್ಬಿಯನ್ನು ನನಗೆ ಕೊಟ್ಟು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಸುತ್ತಿಗೆಯ ಸದ್ದು ಕೇಳಿಸಿತು. ನಾನು ಒಳಗೆ ಹೋಗಿ ನೋಡಿದರೆ ಟಿವಿಯನ್ನು ಇಳಿಸಿ ನೆಲದ ಮೇಲಿಟ್ಟಿದ್ದ. ಪ್ಯಾನಲ್ಲಿನ ನಡುವೆ, ಬಾಗಿಲಿಗೆ ಸರಿಯಾಗಿ ಎದುರು ಮೊಳೆ ಹೊಡೆಯುತ್ತಿದ್ದ. ಫಿರೋಜ್ ಹೇಳಿದ ಹಾಗೆಯೇ ಪ್ಯಾನಲ್ ಮೇಲಿಂದ ಕೆಳಗೆ ಸೀಳಿತು. ಅವನು ನಿಲ್ಲಿಸಲಿಲ್ಲ. ಮೊಳೆ ಹಿಂದಿನ ಇಟ್ಟಿಗೆಗೆ ಹತ್ತುವ ತನಕ ಹೊಡೆದ. ಬದಿಯ ಗೋಡೆಯಿಂದ ಪಟ ತಂದು ಹಾಕಿದ. ಆಮೇಲೆ ಹೊರಗೆ ಹೋಗಿ, ಗೇಟು ದಾಟಿ ರಸ್ತೆಯ ಮೇಲೆ ನಿಂತು, ಕಾಣುತ್ತದೋ ಇಲ್ಲವೋ ಎಂದು ನೋಡಿದ. ನಮ್ಮತ್ತೆ ಬಾಗಿಲಲ್ಲಿ ನಿಂತಿದ್ದಳು.

"ಕಾಣ್ತದೇನೋ ಮರ್ಯಾ?" ಎಂದು ಕೇಳಿದಳು.

"ಕಾಣ್ತದ ಯವ್ವಾ," ಅಂದ ನನ್ನ ಗಂಡ, ತಲೆ ಎತ್ತಿಕೊಂಡು.